ಕಂಬವನ್ನು ಮರೆತ ನಕ್ಷೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಈಗ ಕಟ್ಟುವ ಮೊದಲೇ ಮನೆಯನ್ನು ಕಂಪ್ಯೂಟರಿನ ತೆರೆಯ ಮೇಲೆ ನೋಡುವ ಅನುಕೂಲ ಬಂದಿದೆ. ಊರಿನ ಹಳೆಯ ಮನೆಯನ್ನು ರಿಪೇರಿ ಮಾಡಿಸಬೇಕೆಂದಿರುವ ನಮ್ಮಂಥ ಹೊರನಾಡಿಗರು ದೂರದಲ್ಲಿ ಕುಳಿತೇ ಒಳಗೋಡೆಗಳನ್ನು ಎಳೆದು, ಅಳಿಸಿ, ಮತ್ತೆ ಎಳೆದು ನೋಡಬಹುದು. ಆದರೆ ಮನೆಯೆಂದರೆ ಏನೆಂದು ಈ ಸಾಧನಗಳು ತಿಳಿದುಕೊಂಡಿವೆ ಎಂಬುದನ್ನು ವಿಚಾರಿಸದೆ ಅವನ್ನು ನಂಬುವುದು ಕ್ಷೇಮವಲ್ಲ.

ಹಣ ಕೊಡದೆ ದೊರೆಯುವ ‘ಸ್ವೀಟ್ ಹೋಮ್ ತ್ರೀಡಿ’ಯನ್ನೇ ತೆಗೆದುಕೊಳ್ಳೋಣ. ಗೆರೆ ಎಳೆದರೆ ಗೋಡೆ ಏಳುತ್ತದೆ. ಬಾಗಿಲನ್ನು ತಂದಿಟ್ಟರೆ ಗೋಡೆ ತಾನೇ ಜಾಗ ಬಿಡುತ್ತದೆ. ಇಷ್ಟು ಸುಲಭವಾಗಿ ಕಲಿಯಬಹುದಾದ ಸಾಧನ ಮೆಚ್ಚತಕ್ಕದ್ದೇ. ತೊಡಕು ಬರುವುದು ಕಂಬ-ತೊಲೆಯ ಮನೆಯನ್ನು ಬರೆಯಹೊರಟಾಗ. ಇಲ್ಲಿ ಕಂಬ ಬೇಕೆಂದರೆ ಪೀಠೋಪಕರಣಗಳ ಪಟ್ಟಿಯಿಂದ ಪೆಟ್ಟಿಗೆಯಾಕಾರವೊಂದನ್ನು ತಂದು ಅಳತೆ ತಿದ್ದಬೇಕು, ತೊಲೆಯೂ ಹಾಗೆಯೇ. ಮನೆಯನ್ನು ಹೊತ್ತ ಕಂಬ ಮೇಜು-ಕುರ್ಚಿಗಳ ಪಂಕ್ತಿಯಲ್ಲಿ ಕುಳಿತಿತು! ದುಬಾರಿಯಾದ ‘ಚೀಫ್ ಆರ್ಕಿಟೆಕ್ಟ್’ನಲ್ಲಿಯೂ ಕಂಬ-ತೊಲೆಯ ಸಾಲು ರೇಲಿಂಗಿನ ಒಂದು ಬಗೆಯಾಗಿ ಸಿಗುತ್ತದೆ. ಕೆಲಸ ಸಾಗುತ್ತದೆ, ನಿಜ. ಆದರೆ ಗೋಡೆಯೇ ಮನೆಯೆಂಬ ಭಾವನೆ ಎರಡರಲ್ಲಿಯೂ ಒಂದೇ.

ಕಂಬ-ತೊಲೆಯ ಕಟ್ಟಡದಲ್ಲಿ ಭಾರ ತೊಲೆಯಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ ಇಳಿಯುತ್ತದೆ. ಅಡ್ಡಗೋಡೆ ಬರಿಯ ಮರೆ. 1914ರಲ್ಲಿ ಲ ಕಾರ್ಬೂಸಿಯೆ ರಚಿಸಿದ ‘ಡಾಮಿನೋ’ ನಕ್ಷೆಯಲ್ಲಿ ಆರು ಕಾಂಕ್ರೀಟ್ ಕಂಬ, ಚಪ್ಪಡಿ, ಮೆಟ್ಟಿಲು ಇಷ್ಟೇ ಇದ್ದವು. ಗೋಡೆಯನ್ನು ಬೇಕಾದಲ್ಲಿ ಹಾಕಿಕೊಳ್ಳಬಹುದಿತ್ತು. ನಮ್ಮ ತೊಟ್ಟಿಮನೆಗಳಲ್ಲಿ ಸಂಗತಿ ಇನ್ನೂ ಸೂಕ್ಷ್ಮ. ತೊಟ್ಟಿಯ ಸುತ್ತ ಮರದ ಕಂಬಗಳು ಮಾಡನ್ನು ಹೊತ್ತರೆ, ಹಿಂದಿನ ದಪ್ಪಗೋಡೆಯೂ ಜಂತೆಯ ಇನ್ನೊಂದು ತುದಿಯನ್ನು ಹೊತ್ತಿರುತ್ತದೆ. ಯಾವ ಗೋಡೆ ಮರೆ, ಯಾವುದು ಆಸರೆ ಎಂದು ತೆರೆಯ ಮೇಲಿನ ಗೆರೆ ಹೇಳುವುದಿಲ್ಲ. ಅಳಿಸೆಂದರೆ ಎರಡನ್ನೂ ಒಂದೇ ವಿಧೇಯತೆಯಿಂದ ಅಳಿಸುತ್ತದೆ. ನಗರದ ನಮ್ಮ ಫ್ಲಾಟುಗಳಿಗೂ ಈ ಮಾತು ಸಲ್ಲುತ್ತದೆ: ಅರ್ಧ ಇಟ್ಟಿಗೆಯ ಅಡ್ಡಗೋಡೆಯೂ ಭಾರ ಹೊತ್ತ ಕಾಂಕ್ರೀಟ್ ಗೋಡೆಯೂ ನಕ್ಷೆಯಲ್ಲಿ ಸಹೋದರರಂತೆ ಕಾಣುತ್ತವೆ. ಅಡುಗೆಮನೆ ದೊಡ್ಡದಾಗಲೆಂದು ಒಡೆಸಿದ್ದು ಮೇಲಿನ ಮನೆಯವರ ನೆಲಕ್ಕೆ ಕುತ್ತಾಗಬಾರದಲ್ಲ?

ಹಾಗೆಂದು ಸಾಧನವನ್ನು ದೂರ ತಳ್ಳಬೇಕಿಲ್ಲ. ಕೆಲಸದ ಕ್ರಮ ಬದಲಿಸಿದರೆ ಸಾಕು. ಮೊದಲು ಕಂಬಗಳನ್ನು ಅಳತೆಯಂತೆ ನಿಲ್ಲಿಸಿ, ತೊಲೆಗಳನ್ನು ಅವುಗಳ ಎತ್ತರದಲ್ಲಿ ಕೂರಿಸಬೇಕು. ಆಮೇಲೆ ಒಳಗೋಡೆಯನ್ನು ಕಂಬದಿಂದ ಕಂಬಕ್ಕೆ ಎಳೆದು, ಎತ್ತರವನ್ನು ತೊಲೆಯ ಅಡಿಗೆ ನಿಲ್ಲಿಸಬೇಕು. ಇಲ್ಲವಾದರೆ ಗೋಡೆ ತೊಲೆಯ ಹೊಟ್ಟೆಯೊಳಗೆ ಹೊಕ್ಕರೂ ಚಿತ್ರದಲ್ಲಿ ಆಕ್ಷೇಪಣೆ ಬರುವುದಿಲ್ಲ. ಎಂಟು ಅಂಗುಲದ ಕಂಬಕ್ಕೆ ನಾಲ್ಕೂವರೆ ಅಂಗುಲದ ಗೋಡೆ ಸೇರುವಾಗ ಅದು ನಡುವಿಗೆ ಬರಬೇಕೋ ಒಂದು ಮುಖಕ್ಕೆ ಸಮನಾಗಬೇಕೋ ಎಂಬುದನ್ನು ಆಗಲೇ ತೀರ್ಮಾನಿಸಬೇಕು. ಮುಚ್ಚಿಗೆಯಿಲ್ಲದ ಇಳಿಜಾರು ಮಾಡಿನ ಕೆಳಗೆ ಗೋಡೆಯ ಎರಡು ತುದಿಗಳಿಗೆ ಬೇರೆ ಬೇರೆ ಎತ್ತರ ಕೊಡಬಹುದು. ನಡುವೆ ಏರಿ ಇಳಿಯುವುದಾದರೆ ಅದನ್ನು ಎರಡು ತುಂಡಾಗಿಸಬೇಕು. ಮರ ಒಣಗಿದಂತೆ ಅಡ್ಡಕ್ಕೆ ಕುಗ್ಗುತ್ತದೆ. ತೊಲೆಗೂ ಗೋಡೆಗೂ ನಡುವೆ ತುಸು ಸಂದು ಬಿಡುವ ಬಡಗಿಯ ಈ ವಿವೇಕವನ್ನೂ ನಾವೇ ನೆನಪಿಟ್ಟುಕೊಳ್ಳಬೇಕು.

ಕೊನೆಯದಾಗಿ, ಆಸರೆಯ ಗೋಡೆಗಳಿಗೆಲ್ಲ ಒಂದು ಬೇರೆ ಬಣ್ಣ ಕೊಟ್ಟು, ಅವು ಯಾವುವೆಂಬುದನ್ನು ಸ್ಥಳಕ್ಕೆ ಬಂದು ನೋಡಿದ ಎಂಜಿನಿಯರರಿಂದಲೇ ಗುರುತು ಮಾಡಿಸಬೇಕು. ಊರಿನ ಮೇಸ್ತ್ರಿಗೆ ನಾವು ಕಳಿಸುವ ಚಿತ್ರ ಎಷ್ಟೇ ಅಂದವಾಗಿರಲಿ, ಆ ಗುರುತು ಬೀಳುವ ತನಕ ಒಂದು ಗೋಡೆಗೂ ಹಾರೆ ತಾಗಿಸಬೇಡಿ ಎಂದು ಅವನಿಗೆ ತಿಳಿಸುವುದು ಒಳ್ಳೆಯದು.