ಮನೆ ಸುಟ್ಟು ಕೊಂಡ ದೂರದರ್ಶಕ

ರಾಬರ್ಟ್ ಫ್ರಾಸ್ಟ್‌ನ ‘ದಿ ಸ್ಟಾರ್ ಸ್ಪ್ಲಿಟರ್’ ಕವಿತೆಯಲ್ಲಿ ಬ್ರಾಡ್ ಮೆಕ್‌ಲಾಫ್ಲಿನ್ ಎಂಬ ರೈತನೊಬ್ಬ ಬರುತ್ತಾನೆ. ಅವನಿಗೆ ಬೇಸಾಯ ಕೈಹತ್ತಿಲ್ಲ. ಜಮೀನು ಮಾರೋಣವೆಂದರೆ ಕೊಳ್ಳುವವರು ಸಿಗುವ ಭರವಸೆಯಿಲ್ಲ. ಕೊನೆಗೆ ತನ್ನ ಮನೆಗೆ ತಾನೇ ಬೆಂಕಿಯಿಟ್ಟು, ಬಂದ ವಿಮೆಯ ಹಣದಲ್ಲಿ 600 ಡಾಲರ್ ಕೊಟ್ಟು ಒಂದು ದೂರದರ್ಶಕ ಕೊಳ್ಳುತ್ತಾನೆ. ಹೊಟ್ಟೆಪಾಡಿಗೆ ರೈಲ್ವೆಯಲ್ಲಿ ಟಿಕೆಟ್ ಕೊಡುವ ಸಣ್ಣ ಕೆಲಸ ಹಿಡಿಯುತ್ತಾನೆ. 1923ರ ‘ನ್ಯೂ ಹ್ಯಾಂಪ್‌ಶೈರ್’ ಸಂಕಲನದಲ್ಲಿ ಈ ಕವಿತೆ ಇದೆ. ಫ್ರಾಸ್ಟ್‌ಗೆ ಮೊದಲ ಪುಲಿಟ್ಜರ್ ತಂದುಕೊಟ್ಟ ಸಂಕಲನ ಅದು.

ಕಾಲೇಜಿನ ದಿನಗಳಲ್ಲಿ ಇದನ್ನು ಓದಿ ನಕ್ಕಿದ್ದೆ. ಇಪ್ಪತ್ತು ವರ್ಷಗಳ ಮೇಲೆ ಈ ಮಳೆಗಾಲದಲ್ಲಿ ಮತ್ತೆ ಓದಬೇಕಾಗಿ ಬಂತು. ಅದಕ್ಕೆ ಕಾರಣ ಸಾಹಿತ್ಯವಲ್ಲ, ಒಂದು ಮಂಚ. ಊರಿನಲ್ಲಿ ಒಬ್ಬಳೇ ಇದ್ದ ಅಮ್ಮ ಇನ್ನು ನಮ್ಮೊಂದಿಗೇ ಇರಲು ಬೆಂಗಳೂರಿಗೆ ಬರುವುದೆಂದಾಯಿತು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅವಳ ಮಂಚ ಹಾಕಬಹುದಾದ ಒಂದೇ ಒಂದು ಮೂಲೆಯಲ್ಲಿ ನನ್ನ ಮೂರು ದೂರದರ್ಶಕಗಳು ನಿಂತಿದ್ದವು. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಮಾರುವುದು? ಬ್ರಾಡ್ ದೂರದರ್ಶಕಕ್ಕಾಗಿ ಮನೆ ಕೊಟ್ಟ. ನಾನು ಮನೆಯ ಒಂದು ಮೂಲೆಗಾಗಿ ದೂರದರ್ಶಕ ಕೊಡಬೇಕಿತ್ತು.

ಇಂಥ ಹೊತ್ತಿನಲ್ಲಿ ಹವ್ಯಾಸಿಗಳು ಮೊದಲು ತೆಗೆದು ನೋಡುವುದು ಲೆಕ್ಕವನ್ನು. ನನ್ನ ಬಳಿ 60 ಮಿಲಿಮೀಟರಿನ ಒಂದು ಮಸೂರದ ದೂರದರ್ಶಕವಿತ್ತು. ಮೊದಲ ಸಂಬಳದಲ್ಲಿ ಕೊಂಡದ್ದು, ಮುಕ್ಕಾಲಿ ಸ್ವಲ್ಪ ಅಲುಗಾಡುತ್ತದೆ. 127 ಮಿಲಿಮೀಟರಿನ ಇನ್ನೊಂದು ಗಿಡ್ಡ ಕೊಳವೆಯದು. ಗುಂಡಿ ಒತ್ತಿದರೆ ಕಂಪ್ಯೂಟರ್ ತಾನೇ ನಕ್ಷತ್ರ ಹುಡುಕಿ ಕೊಡುತ್ತದೆ. ಮೂರನೆಯದು 200 ಮಿಲಿಮೀಟರ್ ಕನ್ನಡಿಯ ದೊಡ್ಡದು. ಅಮ್ಮ ಹಿಂದೊಮ್ಮೆ ಬಂದಾಗ ಅದನ್ನು ನೋಡಿ, “ಇದೇನೋ ಇದು, ತೋಪಿನ ಹಾಗಿದೆ” ಅಂದಿದ್ದಳು. ಬೆಳಕು ಹಿಡಿಯುವ ಶಕ್ತಿ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಈ ತೋಪು ಆ ಪುಟ್ಟದಕ್ಕಿಂತ ಸುಮಾರು 11 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಈ ಲೆಕ್ಕದ ಪ್ರಕಾರ ಮೊದಲು ಹೋಗಬೇಕಾದದ್ದು 60 ಮಿಲಿಮೀಟರಿನದು. ಜಾಗದ ಲೆಕ್ಕ ಹಿಡಿದರೆ ಹೋಗಬೇಕಾದದ್ದು ತೋಪು. ಬೆಲೆಯ ಲೆಕ್ಕ ಹಿಡಿದರೆ 127. ಮೂರು ಲೆಕ್ಕಕ್ಕೂ ಮೂರು ಬೇರೆ ಉತ್ತರ. ಆಗ ಕವಿತೆಯ ಕಡೆಗೆ ತಿರುಗಿದೆ.

ಮತ್ತೆ ಓದಿದಾಗ ಮೊದಲು ಕಂಡದ್ದು, ಇದು ಕೊಡುವ ಕೊಳ್ಳುವ ಮಾತನ್ನೇ ಆಡುವ ಕವಿತೆ ಎಂಬುದು. ಬ್ರಾಡ್ ಮಾಡಿದ್ದು ಅಪರಾಧವೆಂದು ಊರಿಗೆ ಗೊತ್ತು. ಆ ದಿನ ಎಲ್ಲರೂ ಅವನನ್ನು ಆಡಿಕೊಂಡು ನಗುತ್ತಾರೆ. ಮಾರನೆಯ ದಿನ ಬೆಳಿಗ್ಗೆ ಯೋಚಿಸುತ್ತಾರೆ: ಸಣ್ಣ ತಪ್ಪಿಗೂ ಒಬ್ಬೊಬ್ಬರನ್ನಾಗಿ ದೂರ ಮಾಡುತ್ತ ಹೋದರೆ ಬಾಳುವುದಕ್ಕೆ ಜೊತೆಗೆ ಯಾರು ಉಳಿದಾರು? ನಿರೂಪಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಮನೆಗೆ ಜೀವವಿಲ್ಲ, ನೋವಿಲ್ಲ. ಅದನ್ನೊಂದು ಬಲಿ ಎಂದುಕೊಂಡರೆ ತಪ್ಪೇನು? ಈಗಿನ ಕಾಲದ ಹರಾಜಿನ ಬದಲು ಹಳೆಯ ಕಾಲದ ಅಗ್ನಿಯ ಬಲಿ ಎನ್ನೋಣ ಎಂಬುದು ಅವನ ವಾದ.

ಹರಾಜು ಮತ್ತು ಅಗ್ನಿಯ ಈ ಜೋಡಿಯಲ್ಲಿ ಕವಿತೆಯ ಕೀಲಿ ಇದೆ ಎನಿಸುತ್ತದೆ. ಹರಾಜಿನಲ್ಲಿ ವಸ್ತುವಿಗೆ ಬೆಲೆ ಇರುತ್ತದೆ, ಬಲಿಯಲ್ಲಿ ಉದ್ದೇಶವಿರುತ್ತದೆ. ಮಾರಿದವನು ಎಷ್ಟು ಬಂತು ಎಂದು ಕೇಳುತ್ತಾನೆ. ಬಲಿ ಕೊಟ್ಟವನು ಯಾತಕ್ಕಾಗಿ ಕೊಟ್ಟೆ ಎಂಬುದಕ್ಕೆ ಉತ್ತರ ಹೇಳಬೇಕು. ಬ್ರಾಡ್‌ನ ಬಳಿ ಉತ್ತರವಿದೆ. ನಮಗೆ ದಯಪಾಲಿಸಿರುವುದರಲ್ಲಿ ಶ್ರೇಷ್ಠವಾದದ್ದು ನೋಟ, ಅತಿ ದೂರ ನೋಡುವ ಸಾಧನ ದೂರದರ್ಶಕ, ಪ್ರತಿ ಊರಿನಲ್ಲೂ ಒಬ್ಬ ಅದನ್ನು ಇಟ್ಟುಕೊಳ್ಳುವುದು ಊರಿಗೆ ಸಲ್ಲಬೇಕಾದ ಋಣ. ಈ ಊರಿನಲ್ಲಿ ಆ ಒಬ್ಬ ತಾನೇ ಆದರೆ ಆಯಿತು ಎನ್ನುತ್ತಾನೆ. ಇದು ಜಂಬವೂ ಹೌದು, ಜವಾಬ್ದಾರಿಯೂ ಹೌದು. ಫ್ರಾಸ್ಟ್ ಎರಡನ್ನೂ ಬೇರ್ಪಡಿಸಲು ಹೋಗುವುದಿಲ್ಲ.

ಆದರೆ ಈ ಬಾರಿ ಇನ್ನೊಂದು ವಿಷಯ ಕಣ್ಣಿಗೆ ಹೊಡೆಯಿತು. ಆ ಸುಟ್ಟ ಮನೆಯಲ್ಲಿ ಬೇರೆ ಯಾರೂ ಇಲ್ಲ. ಹೆಂಡತಿ, ಮಕ್ಕಳು, ಮುಪ್ಪಾದ ತಾಯಿ, ಯಾರ ಸುದ್ದಿಯೂ ಕವಿತೆಯಲ್ಲಿ ಬರುವುದಿಲ್ಲ. ಜೀವವಿಲ್ಲದ ಮನೆಗೆ ನೋವಿಲ್ಲ ಎಂಬ ವಾದ ನಡೆಯುವುದೇ ಅದರಲ್ಲಿ ಮಲಗುವ ಇನ್ನೊಬ್ಬರಿಲ್ಲದ್ದರಿಂದ. ಆ ಮನೆಯಲ್ಲಿ ಒಂದು ಮಂಚ ಹೆಚ್ಚಿಗೆ ಇದ್ದಿದ್ದರೆ ಊರಿನ ಕ್ಷಮೆ ಅಷ್ಟು ಸಲೀಸಾಗಿ ಸಿಗುತ್ತಿತ್ತೇ? ಕವಿತೆಯ ಲಘುತ್ವಕ್ಕೆ ಒಂಟಿ ಗಂಡಸಿನ ಸ್ವಾತಂತ್ರ್ಯ ಆಧಾರವಾಗಿದೆ. ಇದನ್ನು ದೋಷ ಎನ್ನಲಾರೆ, ಆದರೆ ಮಿತಿ ಎಂದು ಗುರುತಿಸಬೇಕು. ಹವ್ಯಾಸದ ಬರವಣಿಗೆಯಲ್ಲೆಲ್ಲ ಈ ಮಿತಿ ಉಂಟು. ರಾತ್ರಿಯಿಡೀ ಬಯಲಲ್ಲಿ ನಿಂತವನ ಬೆರಗು ಪುಟಗಟ್ಟಲೆ ಬರುತ್ತದೆ. ಒಳಗೆ ಅವನ ಪಾಲಿನ ಕೆಲಸ ಮಾಡುತ್ತ ಎಚ್ಚರವಿದ್ದವರು ಒಂದು ವಾಕ್ಯದಲ್ಲೂ ಬರುವುದಿಲ್ಲ.

ಇದಕ್ಕೆ ಎದುರಾಗಿ ಇಟ್ಟು ಓದಬೇಕಾದ ಇನ್ನೊಂದು ಪುಸ್ತಕ ಲೆಸ್ಲಿ ಪೆಲ್ಟಿಯರ್‌ನ ಆತ್ಮಕಥನ ‘ಸ್ಟಾರ್‌ಲೈಟ್ ನೈಟ್ಸ್’ (1965). ಅಮೆರಿಕದ ಒಹಾಯೊ ರಾಜ್ಯದ ಡೆಲ್ಫಾಸ್ ಎಂಬ ಸಣ್ಣ ಊರಿನ ರೈತ ಹುಡುಗ ಅವನು. ಅವನ ಮೊದಲ ದೂರದರ್ಶಕ 2 ಇಂಚಿನದು, ಬೆಲೆ 18 ಡಾಲರ್. ಆ ಹಣಕ್ಕಾಗಿ 900 ಕ್ವಾರ್ಟ್ ಸ್ಟ್ರಾಬೆರಿ ಬಿಡಿಸಿದ. ಬ್ರಾಡ್‌ನ ದೂರದರ್ಶಕದ ಬೆಲೆ ಒಂದು ಬೆಂಕಿಯ ರಾತ್ರಿ, ಪೆಲ್ಟಿಯರ್‌ನದರ ಬೆಲೆ ಸೊಂಟ ಬಗ್ಗಿಸಿದ ಹಗಲುಗಳು. ಅದೇ 2 ಇಂಚಿನ ಕೊಳವೆಯಲ್ಲಿ 1918ರ ಮಾರ್ಚ್ 1ರಂದು ಸಿಂಹ ರಾಶಿಯ ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಅಳೆದು ಬರೆದಿಟ್ಟ. ಅಲ್ಲಿಂದ ಮುಂದೆ ಬದುಕಿನುದ್ದಕ್ಕೂ ಅಂಥ 1,32,000 ಅಳತೆಗಳನ್ನು ಮಾಡಿ ಕಳಿಸಿದ. ದೊಡ್ಡ ದೂರದರ್ಶಕಗಳು ಆಮೇಲೆ ತಾವಾಗಿ ಬಂದವು. ಪ್ರಿನ್ಸ್‌ಟನ್‌ನಿಂದ 6 ಇಂಚಿನದು ಎರವಲಾಗಿ ಬಂತು, 1959ರಲ್ಲಿ ಒಹಾಯೊದ ಮಿಯಾಮಿ ವಿಶ್ವವಿದ್ಯಾಲಯದಿಂದ 12 ಇಂಚಿನದು.

ಪುಸ್ತಕದ ದನಿ ಉದ್ದಕ್ಕೂ ತೃಪ್ತಿಯದು. ಓದಲು ಹಿತ. ಕೆಲವೊಮ್ಮೆ ಅತಿ ಹಿತ ಎನಿಸಿ, ಇವನಿಗೆ ಅನುಮಾನವೇ ಬರಲಿಲ್ಲವೇ ಎಂದು ಕೇಳುವಂತಾಗುತ್ತದೆ. ಹಾಗೆ ಕೇಳುವ ಹೊತ್ತಿಗೆ ಒಂದು ಪ್ರಸಂಗ ಬರುತ್ತದೆ. ಉತ್ತರ ಕಿರೀಟ ಎಂಬ ನಕ್ಷತ್ರಪುಂಜದಲ್ಲಿ ಟಿ ಎಂದು ಹೆಸರಿಟ್ಟ ಮಂಕು ನಕ್ಷತ್ರವೊಂದಿದೆ. ಬರಿಗಣ್ಣಿಗೆ ಕಾಣುವುದೇ ಇಲ್ಲ. ಅದು 1866ರಲ್ಲಿ ಇದ್ದಕ್ಕಿದ್ದಂತೆ ಹೊತ್ತಿ ಉರಿದು, ಕೆಲವೇ ದಿನಗಳಲ್ಲಿ ಮಂಕಾಗಿತ್ತು. ಮತ್ತೆ ಹೊತ್ತೀತೆಂದು ಪೆಲ್ಟಿಯರ್ 25 ವರ್ಷಗಳ ಕಾಲ ಅದನ್ನು ಕಾದ. 1946ರ ಫೆಬ್ರವರಿಯ ಒಂದು ಬೆಳಗಿನ ಜಾವ ಎದ್ದವನು, ನೆಗಡಿ ಬರುವ ಹಾಗಿದೆ ಎಂದು ಮತ್ತೆ ಹೋಗಿ ಮಲಗಿದ. ಆ ರಾತ್ರಿಯೇ ಅದು ಹೊತ್ತಿತು. ತಪ್ಪು ತನ್ನದೇ ಎಂದು ಅವನು ಒಪ್ಪುತ್ತಾನೆ, ಆದರೆ ಆ ನಕ್ಷತ್ರದೊಡನೆ ಮೊದಲಿನ ಸಲಿಗೆ ಉಳಿಯಲಿಲ್ಲ ಎಂದೂ ಹೇಳುತ್ತಾನೆ. ಹಳೆಯ ಗೆಳೆಯನೊಬ್ಬ ಮಾತು ಬಿಟ್ಟ ಹಾಗೆ.

ಪುಸ್ತಕದ ಅತ್ಯುತ್ತಮ ಪುಟಗಳು ಇವೇ. ಏಕೆಂದರೆ ಇಲ್ಲಿ ಸಲಕರಣೆಯ ಮಾತು ಬಿದ್ದುಹೋಗುತ್ತದೆ. ಆ ರಾತ್ರಿ ನಕ್ಷತ್ರ ನೋಡಲು ಯಾವ ದೂರದರ್ಶಕವೂ ಬೇಕಿರಲಿಲ್ಲ, ಬರಿಗಣ್ಣಿಗೇ ಕಾಣುತ್ತಿತ್ತು. ಎದ್ದಿರಬೇಕಿತ್ತು, ಅಷ್ಟೆ. ಸುಮಾರು 80 ವರ್ಷಕ್ಕೊಮ್ಮೆ ಹೊತ್ತುವ ಆ ನಕ್ಷತ್ರವನ್ನು ಈಗ ಮತ್ತೆ ಲೋಕವೆಲ್ಲ ಕಾಯುತ್ತಿದೆ.

ಅದನ್ನು ಓದಿದ ಮೇಲೆ ನನ್ನ ವೀಕ್ಷಣೆಯ ನೋಟ್‌ಬುಕ್ ತೆಗೆದೆ. ಕಳೆದ ಮಳೆಗಾಲದಿಂದ ಈಚೆಗೆ ನಾನು ಆಕಾಶ ನೋಡಿದ್ದು 41 ರಾತ್ರಿ. ಅದರಲ್ಲಿ 29 ರಾತ್ರಿ 60 ಮಿಲಿಮೀಟರಿನದು, 9 ರಾತ್ರಿ 127, ಕೇವಲ 3 ರಾತ್ರಿ ತೋಪು. ಕಾರಣ ಸರಳ. ಪುಟ್ಟದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ತಾರಸಿಗೆ ಹೋಗಬಹುದು. ಮೋಡ ಸರಿದ ಹತ್ತು ನಿಮಿಷವೂ ಸಾಕು. 127ಕ್ಕೆ ಬ್ಯಾಟರಿ ಹೂಡಿ, ಎರಡು ನಕ್ಷತ್ರ ತೋರಿಸಿ, ದಿಕ್ಕು ಕಲಿಸಬೇಕು. ತೋಪಿಗೆ ಮೆಟ್ಟಿಲಲ್ಲಿ ಎರಡು ಸಲ ಓಡಾಟ. ಆಮೇಲೆ ಅದರ ಕನ್ನಡಿ ಹೊರಗಿನ ಗಾಳಿಗೆ ತಣಿಯುವ ತನಕ ಕಾಯಬೇಕು, ಇಲ್ಲದಿದ್ದರೆ ಶನಿಯ ಬಳೆ ನೀರಿನಲ್ಲಿ ಕಂಡಂತೆ ಕದಡುತ್ತದೆ. ಬೆಂಗಳೂರಿನ ದೀಪಗಳ ಬೆಳಕಿನಲ್ಲಿ ಮಂಕು ಗೆಲಾಕ್ಸಿಗಳು 200 ಮಿಲಿಮೀಟರಿಗೂ ಸರಿಯಾಗಿ ದಕ್ಕುವುದಿಲ್ಲ. ಆಯುಧಪೂಜೆಯ ದಿನ ಮೂರಕ್ಕೂ ಕುಂಕುಮ ಇಟ್ಟಿದ್ದೆ. ವರ್ಷಕ್ಕೆ ಮೂರು ಸಲ ಹಿಡಿದ ಆಯುಧಕ್ಕೆ ಮಾಡುವ ಪೂಜೆ ಕ್ಷಮೆ ಕೇಳಿದ ಹಾಗೆಯೇ ಸರಿ.

ಫ್ರಾಸ್ಟ್‌ನ ದೂರದರ್ಶಕದ ಹೆಸರು ನಕ್ಷತ್ರ ಸೀಳುವುದು. ಒಂದಾಗಿ ಕಾಣುವ ನಕ್ಷತ್ರವನ್ನು ಅದು ಎರಡೋ ಮೂರೋ ಮಾಡಿ ತೋರಿಸುತ್ತದೆ, ಅಂಗೈಯ ಪಾದರಸದ ಬಿಂದುವನ್ನು ಬೆರಳಿನಿಂದ ಒಡೆದ ಹಾಗೆ. ಈ ಕೆಲಸಕ್ಕೆ 60 ಮಿಲಿಮೀಟರ್ ಧಾರಾಳ ಸಾಕು. ನಮ್ಮ ಮದುವೆಗಳಲ್ಲಿ ಪುರೋಹಿತರು ವಸಿಷ್ಠನ ಪಕ್ಕದ ಅರುಂಧತಿಯನ್ನು ತೋರಿಸುತ್ತಾರೆ. ಪುಟ್ಟ ದೂರದರ್ಶಕವನ್ನು ಅತ್ತ ತಿರುಗಿಸಿದರೆ ಅರುಂಧತಿ ದೂರ ಸರಿದು, ವಸಿಷ್ಠನೇ ಎರಡಾಗಿ ಕಾಣುತ್ತಾನೆ. ಪುನರ್ವಸುವಿನ ಜೋಡಿಯಲ್ಲಿ ಒಂದಾದ ಕ್ಯಾಸ್ಟರ್ ಕೂಡ ಸೀಳುತ್ತದೆ. ಇದನ್ನು ನೋಡಿದ ಅಕ್ಕಪಕ್ಕದ ಮನೆಯವರು ತಮಗೆ ಗೊತ್ತಿದ್ದ ಹೆಸರಿನೊಳಗೆ ಗೊತ್ತಿಲ್ಲದ್ದೊಂದು ಕಂಡಿತೆಂದು ಬೆರಗಾಗುತ್ತಾರೆ. ಗೆಲಾಕ್ಸಿಯ ಮಂಕು ಮಚ್ಚೆ ತೋರಿಸಿದಾಗ “ಎಲ್ಲಿ, ಎಲ್ಲಿ” ಎನ್ನುತ್ತಾರೆ, ಅಷ್ಟೆ.

ಈ ಮಾತಿಗೆ ಜಾನ್ ಡಾಬ್ಸನ್‌ನ ಬದುಕೂ ಸಾಕ್ಷಿ. ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯಲ್ಲಿ 1944ರಿಂದ ಸನ್ಯಾಸಿಯಾಗಿದ್ದ ಅವನು ಹಡಗಿನ ಕಿಟಕಿಯ ಗಾಜು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆ, ಪ್ಲೈವುಡ್ ಜೋಡಿಸಿ ದೂರದರ್ಶಕ ಕಟ್ಟುತ್ತಿದ್ದ. ರಸ್ತೆಯಲ್ಲಿ ಹೋಗುವವರನ್ನು ನಿಲ್ಲಿಸಿ ತೋರಿಸುತ್ತಿದ್ದ. ಇದಕ್ಕಾಗಿ ಆಶ್ರಮದಿಂದ ಹೊರಗಿರುವುದೇ ಹೆಚ್ಚಾಗಿ, 1967ರಲ್ಲಿ ಆಶ್ರಮ ಬಿಡಬೇಕಾಯಿತು. ಬ್ರಾಡ್‌ನಂತೆ ಇವನೂ ದೂರದರ್ಶಕಕ್ಕೆ ಮನೆ ತೆತ್ತವನೇ. ನನ್ನ ತೋಪು ನಿಂತಿರುವ ಸರಳ ಮರದ ಪೀಠ ಅವನ ಹೆಸರಿನದು. ದೂರದರ್ಶಕದ ದೊಡ್ಡತನವನ್ನು ಅದರಲ್ಲಿ ಕಣ್ಣಿಟ್ಟವರ ಸಂಖ್ಯೆಯಿಂದ ಅಳೆಯಬೇಕು ಎಂಬುದು ಅವನ ನಿಲುವು. ಅವನ ಹೆಸರಿನ ಪೀಠವನ್ನು ವರ್ಷವಿಡೀ ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟಿದ್ದೆ!

ಕೊನೆಗೆ ತೋಪು ನಮ್ಮೂರಿನ ಹತ್ತಿರದ ಪ್ರೌಢಶಾಲೆಗೆ ಹೋಯಿತು. ಅಲ್ಲಿ ಕತ್ತಲೆ ಇನ್ನೂ ಉಳಿದಿದೆ. ವಿಜ್ಞಾನದ ಮೇಷ್ಟ್ರು ಕೈಯಿಂದ ಒಂದಿಷ್ಟು ಹಣ ಕೊಡಲು ಬಂದರು, ಸಾಗಣೆಯ ಖರ್ಚು ಮಾತ್ರ ತೆಗೆದುಕೊಂಡೆ. 127ನ್ನು ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಕೊಂಡ. ಅದು ಶುದ್ಧ ವ್ಯಾಪಾರ, ಒಳ್ಳೆಯ ಬೆಲೆ ಬಂತು. ಆ ದುಡ್ಡಿನಲ್ಲೇ ಮಂಚ ಬಂತು. ಹೀಗೆ ಒಂದು ಬಲಿ, ಒಂದು ಹರಾಜು. ಫ್ರಾಸ್ಟ್‌ನ ನಿರೂಪಕ ಎರಡರಲ್ಲಿ ಒಂದನ್ನು ಆರಿಸಿದ. ಬಾಡಿಗೆ ಮನೆಯಲ್ಲಿರುವವರಿಗೆ ಎರಡೂ ಬೇಕಾಗುತ್ತದೆ.

ನಷ್ಟವಾಗಲಿಲ್ಲ ಎಂದರೆ ಸುಳ್ಳಾದೀತು. ಕತ್ತಲ ಊರಿನಲ್ಲಿ ಆ 200 ಮಿಲಿಮೀಟರಿನೊಳಗೆ ಒಮ್ಮೆ ಹರ್ಕ್ಯುಲಿಸ್ ಗುಚ್ಛದ ನಕ್ಷತ್ರಗಳು ರವೆ ಚೆಲ್ಲಿದಂತೆ ಬಿಡಿಬಿಡಿಯಾಗಿ ಕಂಡಿದ್ದವು. ಅದು ಇನ್ನು 60ರಲ್ಲಿ ಕಾಣುವುದಿಲ್ಲ, ಬರೀ ಮಂಜಿನ ಉಂಡೆ. ಈ ಮಾತನ್ನು ಬಚ್ಚಿಟ್ಟು ಚಿಕ್ಕದೇ ಚೆನ್ನ ಎಂದು ಹಾಡುವುದು ಪೆಲ್ಟಿಯರ್‌ನ ತೃಪ್ತಿಯ ದನಿಯನ್ನು ಎರವಲು ತಂದಂತೆ.

ಫ್ರಾಸ್ಟ್ ಅಂಥ ತೃಪ್ತಿಯಲ್ಲಿ ಮುಗಿಸುವುದಿಲ್ಲ. ಹಿಮ ಕರಗಿ ಕೆಸರಾದ ನೆಲದಲ್ಲಿ ಬ್ರಾಡ್ ಮತ್ತು ನಿರೂಪಕ ಬೆಳಗಿನ ತನಕ ದೂರದರ್ಶಕದ ಪಕ್ಕ ನಿಂತು, ಬದುಕಿನಲ್ಲೇ ಆಡಿದ ಅತ್ಯುತ್ತಮ ಮಾತುಗಳಲ್ಲಿ ಕೆಲವನ್ನು ಆಡುತ್ತಾರೆ. ಆ ಮಾತುಗಳು ಏನೆಂದು ಕವಿ ಹೇಳುವುದಿಲ್ಲ. ಇಷ್ಟೆಲ್ಲ ನೋಡಿದ ಮೇಲೂ ನಾವು ಎಲ್ಲಿದ್ದೇವೆಂದು ನಮಗೆ ಮೊದಲಿಗಿಂತ ಚೆನ್ನಾಗಿ ತಿಳಿಯಿತೇ ಎಂದು ಕೇಳಿ ನಿಲ್ಲಿಸುತ್ತಾನೆ. ವಿಜ್ಞಾನದ ಬಗೆಗಿನ ಅಪನಂಬಿಕೆ ಎಂದು ಈ ಪ್ರಶ್ನೆಯನ್ನು ಓದುವುದುಂಟು. ನನಗೆ ಹಾಗೆನಿಸುವುದಿಲ್ಲ. ಉತ್ತರ ಸಿಗದಿದ್ದರೂ ಇಬ್ಬರು ಒಂದೇ ಕೊಳವೆಯ ಪಕ್ಕ ಬೆಳಗು ಮಾಡಿದರಲ್ಲ, ಆ ಮನೆಯ ಬೆಲೆ ಅಲ್ಲಿ ಸಂದಿತು.

ಅಮ್ಮ ಬಂದ ವಾರದಲ್ಲೇ ಒಂದು ಸಂಜೆ ಮೋಡ ಸರಿಯಿತು. ಮಂಚದ ಕೆಳಗಿನಿಂದ ಪುಟ್ಟದನ್ನು ಎಳೆದು ತಾರಸಿಗೆ ಒಯ್ದು, ಕುರ್ಚಿ ಹಾಕಿ ಕೂರಿಸಿ ಚಂದ್ರನನ್ನು ತೋರಿಸಿದೆ. ಬಹಳ ಹೊತ್ತು ನೋಡಿದಳು. “ತೋಪು ಎಲ್ಲಿ ಹೋಯಿತೋ?” ಎಂದಳು. ಶಾಲೆಗೆ ಕೊಟ್ಟೆ ಎಂದೆ. “ನನ್ನ ಮಂಚಕ್ಕೋಸ್ಕರವೇ?” ಎಂದು ಕೇಳಿದಳು. ಏನು ಹೇಳುವುದೆಂದು ತೋಚದೆ, ಚಂದ್ರ ಸರಿದುಹೋದನೆಂದು ಕೊಳವೆಯನ್ನು ಮತ್ತೆ ತಿರುಗಿಸಿಕೊಟ್ಟೆ.