ಆರು ಪರ್ಸೆಂಟ್ ಲೈಬ್ರರಿ

ಬೆಂಗಳೂರಲ್ಲಿ ಫ್ಲ್ಯಾಟ್ ತಗೊಂಡಿದ್ದೀರಾ? ಹಾಗಾದ್ರೆ ಆಸ್ತಿ ತೆರಿಗೆಯ ರಸೀದಿಯನ್ನ ಒಮ್ಮೆ ಸರಿಯಾಗಿ ನೋಡಿ. ತೆರಿಗೆಯ ಮೇಲೆ ಬೀಳುವ ಸೆಸ್‌ಗಳಲ್ಲಿ ಗ್ರಂಥಾಲಯದ್ದೂ ಒಂದು, ಶೇಕಡಾ 6. ಲೈಬ್ರರಿ ಮೆಟ್ಟಿಲು ಹತ್ತಿ ನಿಮಗೆ ವರ್ಷಗಳೇ ಆಗಿರಬಹುದು, ದುಡ್ಡು ಮಾತ್ರ ತಪ್ಪದೆ ಕಟ್ತಾ ಇದ್ದೀರಿ.

ಇದರ ಬೇರು 1965ರ ಗ್ರಂಥಾಲಯ ಕಾಯ್ದೆಯಲ್ಲಿದೆ. ಓದು ದಾನಿಗಳ ಕೃಪೆಯಲ್ಲಿ ನಡೀಬಾರದು, ಅದಕ್ಕೆ ಕಾನೂನಿನ ದುಡ್ಡು ಇರಬೇಕು ಅಂತ ಎಸ್. ಆರ್. ರಂಗನಾಥನ್ ಅವರಂಥವರು ಪಟ್ಟುಹಿಡಿದು ಹೇಳಿದ್ದರ ಫಲ ಅದು. ಆಶಯದಲ್ಲಿ ತಕರಾರಿಲ್ಲ. ತಕರಾರು ಇರೋದು ಹಂಚಿಕೆಯಲ್ಲಿ.

ಕಾಯ್ದೆ ದೊಡ್ಡ ನಗರಗಳಿಗೆ ಒಂದು ಪ್ರಾಧಿಕಾರ, ಉಳಿದ ಜಿಲ್ಲೆಗೆ ಇನ್ನೊಂದು ಅಂತ ಮಾಡಿತು. ಮೈಸೂರು ನಗರದ ಕಟ್ಟಡಗಳ ಸೆಸ್ ನಗರದ ಲೈಬ್ರರಿಗಳಿಗೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಬರೋದು ಜಿಲ್ಲೆಯ ಲೆಕ್ಕಕ್ಕೆ. ಸೆಸ್ ಹುಟ್ಟೋದು ಕಟ್ಟಡದ ಬೆಲೆಯಿಂದ. ಎಚ್.ಡಿ.ಕೋಟೆಯಲ್ಲಿ ಏನಿದೆ? ಕಾಡು, ಕಬಿನಿ ಹಿನ್ನೀರು, ಹಾಡಿಗಳು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಸರ್ಕಾರಕ್ಕೆ ಎಷ್ಟೇ ತೆರಿಗೆ ತಂದರೂ ಊರಿನ ಲೈಬ್ರರಿ ಸೆಸ್ ಬೆಳೆ ನೋಡಲ್ಲ, ಗೋಡೆ ನೋಡುತ್ತೆ. ಅಂದ್ರೆ ಪುಸ್ತಕದಂಗಡಿ ಇರುವ ಕಡೆ ಲೈಬ್ರರಿಗೂ ಜಾಸ್ತಿ ದುಡ್ಡು, ಏನೂ ಇಲ್ಲದ ಕಡೆ ಕಮ್ಮಿ. ತಲೆಕೆಳಗಾದ ಲೆಕ್ಕ ಅಲ್ವಾ?

2019ರಲ್ಲಿ ಗ್ರಾಮ ಪಂಚಾಯತಿ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಅದರಿಂದ ಒಳ್ಳೇದೂ ಆಯ್ತು: ‘ಓದುವ ಬೆಳಕು’ ಮಕ್ಕಳನ್ನ ಒಳಗೆ ಕರೆಯಿತು. ಆದರೆ ಪಟ್ಟಣದ ಶಾಖೆಗಳು ಗ್ರಂಥಾಲಯ ಇಲಾಖೆಯಲ್ಲೇ ಉಳಿದವು. ಹಳ್ಳಿಯ ಕಪಾಟನ್ನ ಓದಿ ಮುಗಿಸಿದ ಹುಡುಗಿ ಮುಂದಿನ ಪುಸ್ತಕಕ್ಕೆ ತಾಲೂಕು ಕೇಂದ್ರಕ್ಕೆ ಬಂದರೆ ಅಲ್ಲಿ ಇಲಾಖೆಯೇ ಬೇರೆ.

ಡಿಜಿಟಲ್ ಲೈಬ್ರರಿ ಇದೆಯಲ್ಲ ಅನ್ನಬಹುದು. ಇದೆ, 2020ರಿಂದ. ಆದ್ರೆ ಕೆಎಎಸ್ಸೋ ಪಿಎಸ್‌ಐಯೋ ಪರೀಕ್ಷೆಗೆ ಓದೋ ಹುಡುಗಿಗೆ ಪಿಡಿಎಫ್ ಜೊತೆ ಒಂದು ಕುರ್ಚಿ, ಲೈಟು, ‘ಎದ್ದು ಕಾಫಿ ಮಾಡು’ ಅನ್ನೋರಿಲ್ಲದ ನಾಲ್ಕು ಗಂಟೆನೂ ಬೇಕು. ಅದನ್ನ ಯಾವ ಆ್ಯಪೂ ಕೊಡಲ್ಲ. ದುಡ್ಡಿದ್ದವರು ಮೈಸೂರಲ್ಲಿ ಪಿಜಿ ಹಿಡೀತಾರೆ, ಇಲ್ಲದವರು ಆಸೆ ಬಿಡ್ತಾರೆ.

ಮಾಡಬೇಕಾದ್ದು ತೀರಾ ಕಷ್ಟದ್ದೇನಲ್ಲ. ಸೆಸ್‌ನ ಒಂದು ಪಾಲನ್ನ ರಾಜ್ಯಮಟ್ಟದಲ್ಲಿ ಒಟ್ಟುಮಾಡಿ, ಕಟ್ಟಡ ನೋಡದೆ ಓದುಗರನ್ನ ನೋಡಿ ಹಂಚಿ. ಹಳ್ಳಿ, ತಾಲೂಕು, ಮೈಸೂರು ಎಲ್ಲಕ್ಕೂ ಒಂದೇ ಕಾರ್ಡ್ ಕೊಡಿ. ಹುಣಸೂರಲ್ಲಿ ಕೇಳಿದ ಪುಸ್ತಕ 45 ಕಿಲೋಮೀಟರ್ ದೂರದ ಮೈಸೂರಿಂದ ಬಸ್ಸಲ್ಲಿ ಬರೋಕೆ ಒಂದು ದಿನ ಸಾಕು.

ಇದನ್ನೆಲ್ಲ ಬೆಂಗಳೂರಿನವರು ಯಾಕೆ ಕೇಳಬೇಕು? ಹಂಚೋಕೆ ದುಡ್ಡಿರೋದು ಇಲ್ಲಿ. ಜನರಿಂದ ವಸೂಲಿ ಮಾಡಿದ ಲೈಬ್ರರಿ ಸೆಸ್ಸನ್ನ ನಗರಪಾಲಿಕೆ ಬಾಕಿ ಉಳಿಸಿಕೊಂಡಿದೆ ಅನ್ನೋ ಸುದ್ದಿ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿಲ್ಲ! ಸಂಬಳದಲ್ಲಿ ನೂರು ರೂಪಾಯಿ ಜಾಸ್ತಿ ಕಟ್ ಆದ್ರೆ ಎಚ್‌ಆರ್‌ಗೆ ಮೇಲ್ ಹಾಕ್ತೀವಿ. ಈ ಆರು ಪರ್ಸೆಂಟ್ ಎಲ್ಲಿ ಹೋಯ್ತು ಅಂತಲೂ ಒಂದು ಮೇಲ್ ಹಾಕೋಣ.