ನಾಲ್ಕು ತಾಸಿನ ದುಬೈ ಮತ್ತು ನಮ್ಮ ಪ್ರವಾಸ ಕಥನ

ಕನ್ನಡದಲ್ಲಿ ಈಚೆಗೆ ಬರುತ್ತಿರುವ ದುಬೈ ಪ್ರವಾಸ ಲೇಖನಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ, ಬರೆದವರು ಬೇರೆ ಬೇರೆಯಾದರೂ ಬರೆಸಿದವನು ಒಬ್ಬನೇ ಇರಬೇಕು ಅನ್ನಿಸುತ್ತದೆ. ಮೊದಲು ವಿಮಾನದ ಕಿಟಕಿಯಿಂದ ಕಾಣುವ ಮರಳು, ಆಮೇಲೆ ಗೆರೆ ಎಳೆದಂಥ ರಸ್ತೆಗಳು, ಚಿನ್ನದ ಪೇಟೆ, ಬುರ್ಜ್ ಖಲೀಫಾ, ಕುಣಿಯುವ ಕಾರಂಜಿ, ಕೊನೆಗೆ "ಮರಳುಗಾಡಿನಲ್ಲಿ ಮನುಷ್ಯ ಕಟ್ಟಿದ ಸ್ವರ್ಗ" ಎಂಬಂಥ ಒಂದು ಮಾತು. ಈ ಕ್ರಮ ಲೇಖಕರದಲ್ಲ. ಅದು ಟೂರ್ ನಡೆಸುವವರು ಕೈಗಿಡುವ ವೇಳಾಪಟ್ಟಿಯದು. ನಮ್ಮ ಲೇಖನಗಳು ಅದಕ್ಕೆ ವಿಶೇಷಣ ಸೇರಿಸಿ ಮರಳಿ ಒಪ್ಪಿಸುತ್ತಿವೆ.

ಆ ವೇಳಾಪಟ್ಟಿಯನ್ನೇ ಒಂದು ಕೃತಿಯೆಂದು ಓದಿ ನೋಡಬೇಕು ಎಂಬುದು ನನ್ನ ಆಸೆ. ಅಥಣಿ ತಾಲೂಕಿನ ತೆಲಸಂಗದ ನನಗೂ ಅಂಥದೊಂದು ಖಾಸಗಿ ಸುತ್ತಾಟ ಒದಗಿತ್ತು: ಒಂದು ಕಾರು, ಒಬ್ಬ ಚಾಲಕ, ನಾಲ್ಕು ತಾಸು. ದೇರಾದಿಂದ ಹೊರಟು ಖಾರಿಯ ದಂಡೆ, ಮಸಾಲೆ ಮತ್ತು ಚಿನ್ನದ ಪೇಟೆಗಳು, ಒಂದು ದಿರ್ಹಾಮ್ ಕೊಟ್ಟು ದಾಟುವ 'ಅಬ್ರಾ' ದೋಣಿ, ಅಲ್ ಫಹೀದಿಯ ಹಳೇ ಓಣಿಗಳು, ಜುಮೇರಾ ಮಸೀದಿ, ಬುರ್ಜ್ ಅಲ್ ಅರಬ್ ಹೋಟೆಲನ್ನು ದೂರದಿಂದ ನೋಡುವ ಸಮುದ್ರ ತೀರ, ಕೊನೆಗೆ ಬುರ್ಜ್ ಖಲೀಫಾದ ಬುಡ. ಪ್ರತಿ ಜಾಗಕ್ಕೂ ಹದಿನೈದು, ಇಪ್ಪತ್ತು ನಿಮಿಷ. ಹಲವು ಕಡೆ ಇಳಿಯುವುದು ಫೋಟೊಕ್ಕೆ ಮಾತ್ರ. ಈ ಕೃತಿಗೆ ತನ್ನದೇ ಲಯವಿದೆ, ತನ್ನದೇ ವ್ಯಾಕರಣವಿದೆ. ಅದರಲ್ಲಿ ಎಲ್ಲವೂ 'ಅತಿ': ಅತಿ ಎತ್ತರ, ಅತಿ ದೊಡ್ಡದು, ಅತಿ ದುಬಾರಿ. ಕರ್ತೃಪದ ಮಾತ್ರ ಇಲ್ಲ. ಕಟ್ಟಡಗಳು ತಾವಾಗಿ ಎದ್ದಿವೆ, ದ್ವೀಪಗಳು ತಾವಾಗಿ ತೇಲಿ ಬಂದಿವೆ.

ಬುರ್ಜ್ ಖಲೀಫಾ 828 ಮೀಟರ್ ಎತ್ತರವಿದೆ, 2010ರ ಜನವರಿ 4ರಂದು ಉದ್ಘಾಟನೆಯಾಯಿತು. ಎಲ್ಲ ಲೇಖನಗಳಲ್ಲೂ ಈ ಅಂಕಿ ಇರುತ್ತದೆ. ಆದರೆ ತೆಲಸಂಗದ ಓದುಗನಿಗೆ 828 ಎಂದರೆ ಏನು? ನಮ್ಮ ಶಾಲೆಯ ಮಕ್ಕಳು ಟ್ರಿಪ್ಪಿಗೆ ಹೋಗಿ ಬಾಯಿ ತೆರೆದು ನೋಡುವ ಕಟ್ಟಡ ವಿಜಯಪುರದ ಗೋಳಗುಮ್ಮಟ. ಅದು ಸುಮಾರು 51 ಮೀಟರ್. ಹದಿನಾರು ಗೋಳಗುಮ್ಮಟಗಳನ್ನು ಒಂದರ ಮೇಲೊಂದು ಇಟ್ಟರೆ ಬುರ್ಜ್ ಖಲೀಫಾ ಆಗುತ್ತದೆ. ಹೀಗೆ ಹೇಳಿದರೆ ಅಂಕಿಗೆ ಸ್ವಲ್ಪ ಮೈ ಬರುತ್ತದೆ, ಆದರೆ ಅದೂ ಸಾಲದು. ಗೋಳಗುಮ್ಮಟ ನಮ್ಮ ನೆನಪಿನಲ್ಲಿ ಉಳಿದಿರುವುದು ಎತ್ತರದಿಂದಲ್ಲ, ಕಿವಿಯಿಂದ. ಗ್ಯಾಲರಿಯ ಈಚೆ ಬದಿ ಪಿಸುಗುಟ್ಟಿದ್ದು ಆಚೆ ಬದಿ ಕೇಳಿಸುತ್ತದಲ್ಲ, ಆ ಗಳಿಗೆಯಿಂದ. ಓದುಗನ ಮೈಯ ಯಾವುದಾದರೊಂದು ಇಂದ್ರಿಯಕ್ಕೆ ತಾಗುವಂತೆ ಬರೆಯದಿದ್ದರೆ ಅಂಕಿ ಅಂಕಿಯಾಗಿಯೇ ಉಳಿಯುತ್ತದೆ.

ಇದು ಕನ್ನಡಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ನಮ್ಮ ಹಳೆಯ ಪ್ರವಾಸ ಪುಸ್ತಕಗಳ ಹೆಸರುಗಳನ್ನೇ ನೋಡಿ. ಕೃಷ್ಣಾನಂದ ಕಾಮತರದು 'ನಾನೂ ಅಮೆರಿಕೆಗೆ ಹೋಗಿದ್ದೆ'. ಆ 'ನಾನೂ' ಎಂಬ ಒಂದು ದೀರ್ಘದಲ್ಲಿ ಎಷ್ಟೊಂದು ನಗೆಯಿದೆ! ಎ.ಎನ್. ಮೂರ್ತಿರಾಯರದು 'ಅಪರವಯಸ್ಕನ ಅಮೆರಿಕಾ ಯಾತ್ರೆ': ನೋಡುವವನ ವಯಸ್ಸೇ ಹೆಸರಿನಲ್ಲಿ ಬಂದು ಕೂತಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ಪುಸ್ತಕ 'ಅಮೆರಿಕದಲ್ಲಿ ಗೊರೂರು'. ಗೊರೂರು ಎಂದರೆ ಬರೆದವರೂ ಹೌದು, ಹೇಮಾವತಿ ದಂಡೆಯ ಅವರ ಊರೂ ಹೌದು. ಆ ಹೆಸರಿನ ಪ್ರಕಾರ ಅಮೆರಿಕಕ್ಕೆ ಹೋದದ್ದು ಒಬ್ಬ ಮುದುಕ ಮಾತ್ರವಲ್ಲ, ಒಂದು ಹಳ್ಳಿ. ನೋಡುವ ಕಣ್ಣು ಎಲ್ಲಿಯದು ಎಂದು ಈ ಹೆಸರುಗಳು ಮೊದಲೇ ಹೇಳಿಬಿಡುತ್ತವೆ. ಇಂದಿನ ದುಬೈ ಲೇಖನಗಳ ತಲೆಬರಹದಲ್ಲಿ ನಗರವಿದೆ, ಬೆರಗಿದೆ, ನೋಡಿದವನಿಲ್ಲ. ಬೆಂಗಳೂರಿನವರು ಬರೆದದ್ದಾದರೂ ಬೀದರಿನವರು ಬರೆದದ್ದಾದರೂ ಓದಲಿಕ್ಕೆ ಒಂದೇ.

ಹಾಗಾದರೆ ತೆಲಸಂಗದ ಕಣ್ಣು ದುಬೈಯಲ್ಲಿ ಏನನ್ನು ಕಾಣಬಹುದಿತ್ತು? ನನಗೆ ಅನ್ನಿಸುವಂತೆ, ಮೊದಲು ನೀರನ್ನು. ಅಥಣಿ ತಾಲೂಕಿನದು ವಿಚಿತ್ರ ಪಾಡು. ಕೃಷ್ಣಾ ನದಿಯ ದಂಡೆಯ ಊರುಗಳು 2005ರಲ್ಲಿ, 2019ರಲ್ಲಿ ನೆರೆಯಲ್ಲಿ ಮುಳುಗಿದವು. ಅದೇ ತಾಲೂಕಿನ ಪೂರ್ವಕ್ಕಿರುವ ನಮ್ಮ ಭಾಗದಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರಿನ ದಾರಿ ಕಾಯಬೇಕು. ದ್ರಾಕ್ಷಿ ಬೆಳೆಗಾರ ಗಿಡದ ಬುಡಕ್ಕೆ ಹನಿ ಹನಿ ಎಣಿಸಿ ನೀರು ಬಿಡುತ್ತಾನೆ. ಅಂಥ ಊರಿನವನು ಬುರ್ಜ್ ಖಲೀಫಾದ ಬುಡದಲ್ಲಿ ನಿಂತು, ಹಾಡಿಗೆ ತಕ್ಕಂತೆ 150 ಮೀಟರ್‌ವರೆಗೆ ಚಿಮ್ಮಬಲ್ಲ ಕಾರಂಜಿಯನ್ನು ನೋಡುತ್ತಾನೆ. ಅವನ ಮೊದಲ ಪ್ರಶ್ನೆ "ಎಷ್ಟು ಚಂದ!" ಆಗಿರಲಾರದು, "ಈ ಊರಿಗೆ ನೀರು ಎಲ್ಲಿಂದ ಬರ್ತದ?" ಎಂದಾಗಿರುತ್ತದೆ. ಉತ್ತರವೂ ರೋಚಕ: ದುಬೈ ಕುಡಿಯುವುದು ಸಮುದ್ರದ ನೀರನ್ನು. ಇಂಧನ ಸುಟ್ಟು, ಉಪ್ಪು ತೆಗೆದು ನಲ್ಲಿಗೆ ಬಿಡುತ್ತಾರೆ. ನದಿಯಿಲ್ಲದ ನಗರದಲ್ಲಿ ಹಗಲಿರುಳು ನೀರು, ನದಿಯಿರುವ ತಾಲೂಕಿನಲ್ಲಿ ಟ್ಯಾಂಕರು. ಇಷ್ಟು ಸಾಕಿತ್ತು ಒಂದು ಒಳ್ಳೆಯ ಪ್ರಬಂಧಕ್ಕೆ. ನಾನು ಓದಿದ ದುಬೈ ಲೇಖನಗಳಲ್ಲಿ ಕಾರಂಜಿ ತಪ್ಪದೆ ಬರುತ್ತದೆ, ನೀರು ಬರುವುದಿಲ್ಲ.

ಎರಡನೆಯದು ಗಾಳಿ. ಅಲ್ ಫಹೀದಿ ಓಣಿಗಳಲ್ಲಿ ಮನೆಗಳ ಮೇಲೆ ಚೌಕಾಕಾರದ ಗೋಪುರಗಳಿವೆ. ನಾಲ್ಕೂ ದಿಕ್ಕಿಗೆ ಬಾಯಿ ತೆರೆದು ಮೇಲಿನ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಉಪಾಯ ಅದು. ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ಈ ಮನೆಗಳನ್ನು ಕಟ್ಟಿಕೊಂಡರು. ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ ಬಿಟ್ಟು, ಬಿಸಿಲಿಗೆ ದಪ್ಪ ಗೋಡೆ ಎತ್ತಿ ಬದುಕಿದ ನಮ್ಮ ಕಡೆಯವರಿಗೆ ಆ ಗೋಪುರ ಪರಕೀಯವೇನಲ್ಲ. ಬಿಸಿಲಿನ ಜೊತೆ ಸಂಸಾರ ಮಾಡಿದವರು ಇನ್ನೊಬ್ಬರ ಮನೆಯಲ್ಲಿ ತಮ್ಮ ಗುರುತು ಕಾಣುತ್ತಾರೆ. ಆದರೆ ವೇಳಾಪಟ್ಟಿ ಇದಕ್ಕೆ ಹದಿನೈದು ನಿಮಿಷ ಕೊಟ್ಟು 'ಹಳೆಯ ದುಬೈ' ಎಂದು ಹೆಸರಿಟ್ಟು ಕಾರು ಹತ್ತಿಸುತ್ತದೆ.

ಈ 'ಹಳೆಯ' ಎಂಬ ಪದದಲ್ಲಿ ನಮ್ಮದೂ ಒಂದು ಪಾಲಿದೆ ಎಂಬುದನ್ನು ವೇಳಾಪಟ್ಟಿ ಹೇಳುವುದಿಲ್ಲ. ಆ ಚಿನ್ನದ ಪೇಟೆಯಲ್ಲಿ 1966ರವರೆಗೂ ನಡೆಯುತ್ತಿದ್ದದ್ದು ರೂಪಾಯಿ. ಕೊಲ್ಲಿಯ ಊರುಗಳಿಗಾಗಿ ಭಾರತೀಯ ರಿಸರ್ವ್ ಬ್ಯಾಂಕ್ 1959ರಲ್ಲಿ ಬೇರೆ ಬಣ್ಣದ ನೋಟುಗಳನ್ನೇ ಅಚ್ಚು ಹಾಕಿಸಿತ್ತು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಅಪಮೌಲ್ಯ ಮಾಡಿದ ಮೇಲೆ ಅವರು ಬೇರೆ ನಾಣ್ಯದ ದಾರಿ ಹಿಡಿದರು. ದಿರ್ಹಾಮ್ ಬಂದದ್ದು 1973ರಲ್ಲಿ. ದುಬೈಯಲ್ಲಿ ತೈಲ ಸಿಕ್ಕಿದ್ದೂ 1966ರಲ್ಲೇ. ಅದಕ್ಕೂ ಮೊದಲೇ, ಸಾಲ ತಂದು ಖಾರಿಯ ಹೂಳೆತ್ತಿಸಿ ದೊಡ್ಡ ಹಡಗುಗಳಿಗೆ ದಾರಿ ಮಾಡಿಕೊಂಡ ವ್ಯಾಪಾರಿ ಊರು ಅದು. "ನಿನ್ನೆ ಮೊನ್ನೆ ಮರಳಿನಿಂದ ಎದ್ದ ನಗರ" ಎಂದು ಬರೆಯುವವರು ಈ ವ್ಯಾಪಾರದ ಕಥೆಯನ್ನು ಅಳಿಸುತ್ತಾರೆ. ನಮ್ಮ ರೂಪಾಯಿ ಒಮ್ಮೆ ಅಲ್ಲಿ ಮನೆಯ ನಾಣ್ಯವಾಗಿತ್ತು ಎಂಬುದೂ ಅದರ ಜೊತೆ ಅಳಿಸಿಹೋಗುತ್ತದೆ.

ಇನ್ನು ಚಾಲಕ. ಖಾಸಗಿ ಸುತ್ತಾಟದ ಪೂರ್ತಿ ನಾಲ್ಕು ತಾಸು ನಮ್ಮ ಜೊತೆ ಇರುವ ಒಬ್ಬನೇ ಒಬ್ಬ ಮನುಷ್ಯ ಅವನು. ನಮ್ಮ ಲೇಖನಗಳಲ್ಲಿ ಅವನಿಗೆ ಸಿಗುವುದು ಒಂದು ವಾಕ್ಯ: "ನಮ್ಮ ಚಾಲಕ ಬಹಳ ಸಭ್ಯ, ಸಮಯಪಾಲಕ." ನನಗೆ ಸಿಕ್ಕವರು ಮಂಜೇಶ್ವರದ ಕಡೆಯವರು. ನನ್ನ ಫೋನಿನ ಮಾತು ಕೇಳಿಸಿಕೊಂಡು ಹಿಂದಿ ಬಿಟ್ಟು ಕನ್ನಡಕ್ಕೆ ಬಂದರು.

"ನಿಮ್ಮದು ಯಾವ ಕನ್ನಡ ಸರ್, ಹೀಗೆ?"

ಬೆಳಗಾವಿ ಜಿಲ್ಲೆಯ ಅಂಚು, ಆಚೆ ಜತ್ತ ತಾಲೂಕು, ಮಹಾರಾಷ್ಟ್ರ ಎಂದೆ.

"ಹಾಗಾದ್ರೆ ನಿಮ್ಮದೂ ಗಡಿಯೇ. ನಾವು ಕನ್ನಡ ಶಾಲೆಯಲ್ಲಿ ಕಲಿತದ್ದು. ಮನೆಯಲ್ಲಿ ತುಳು, ಆಫೀಸಿಗೆ ಹೋದ್ರೆ ಮಲಯಾಳ, ಇಲ್ಲಿ ಹಿಂದಿ. ಕನ್ನಡ ಮಾತಾಡ್ಲಿಕ್ಕೆ ನಿಮ್ಮಂಥವರು ಬರ್ಬೇಕು."

1956ರಲ್ಲಿ ಎಳೆದ ಎರಡು ಗೆರೆಗಳ ಎರಡು ತುದಿಯ ಜನ ದುಬೈಯ ಒಂದು ಕಾರಿನಲ್ಲಿ ಕೂತಿದ್ದೆವು. ನಮ್ಮ ಊರುಗಳ ನಡುವೆ ಇಂಥ ಭೇಟಿ ನಡೆಯುವುದು ಅಪರೂಪ. ಬುರ್ಜ್ ಖಲೀಫಾದ ಹತ್ತಿರ ಕಾರು ನಿಲ್ಲಿಸಿ, ಎಲ್ಲಿ ನಿಂತರೆ ಕಟ್ಟಡ ಪೂರ್ತಿ ಫೋಟೊದಲ್ಲಿ ಬರುತ್ತದೆ ಎಂದು ತೋರಿಸಿದರು. ಮೇಲೆ ಹೋಗಿದ್ದೀರಾ ಎಂದು ಕೇಳಿದೆ.

"ಇಲ್ಲ ಸರ್. ಕೆಳಗೆ ನಿಂತವರಿಗೇ ಅದು ಎತ್ತರ ಕಾಣುವುದು."

ಆ ಒಂದು ಮಾತಿನಲ್ಲಿ ಇರುವ ದುಬೈ 124ನೆಯ ಮಹಡಿಯ ವರ್ಣನೆಗಳಲ್ಲಿ ಇಲ್ಲ. ಇದು ನನ್ನ ಅದೃಷ್ಟ ಎಂದು ಯಾರಾದರೂ ಹೇಳಬಹುದು. ಅಷ್ಟೇನಿಲ್ಲ. ಆ ನಗರದ ಬಹುಪಾಲು ಜನ ಹೊರದೇಶದವರು, ಅದರಲ್ಲೂ ನಮ್ಮ ಉಪಖಂಡದವರು. ಚಾಲಕ ಪೇಶಾವರದವನಾಗಿರಲಿ, ಮಲಪ್ಪುರದವನಾಗಿರಲಿ, ಕೇಳಿದರೆ ಮಾತು ಇದ್ದೇ ಇರುತ್ತದೆ. ಕೇಳುವ ಜಾಗವನ್ನು ವೇಳಾಪಟ್ಟಿ ಬಿಟ್ಟಿಲ್ಲ, ಲೇಖನವೂ ಬಿಡುತ್ತಿಲ್ಲ.

2018ರಲ್ಲಿ ದುಬೈಯಲ್ಲಿ ಒಂದು ಹೊಸ ನೋಟದ ತಾಣ ತೆರೆಯಿತು: ದುಬೈ ಫ್ರೇಮ್. 150 ಮೀಟರ್ ಎತ್ತರದ, ಬಂಗಾರದ ಬಣ್ಣದ ಖಾಲಿ ಚೌಕಟ್ಟು. ಮೇಲೆ ನಿಂತರೆ ಒಂದು ಬದಿಗೆ ಹಳೆಯ ನಗರ, ಇನ್ನೊಂದು ಬದಿಗೆ ಹೊಸದು. ತನ್ನನ್ನು ಹೇಗೆ ನೋಡಬೇಕೆಂದು ಆ ನಗರ ತಾನೇ ಹೇಳಿಕೊಟ್ಟಿದೆ. ಅದರಲ್ಲಿ ತಪ್ಪಿಲ್ಲ, ಅದು ಅವರ ವ್ಯಾಪಾರ. ಆದರೆ ಚೌಕಟ್ಟಿನ ಹೊರಗೆ ಏನಿದೆ ಎಂದು ನೋಡುವುದು ಬರೆಯುವವನ ಕೆಲಸ. ಹೊರಗೆ ಕಾರ್ಮಿಕರ ವಸತಿಗಳ ಸೋನಾಪುರವಿದೆ. 'ಚಿನ್ನದ ಊರು' ಎಂಬ ಹೆಸರಿನ ಕಹಿಯನ್ನು ವಿವರಿಸಬೇಕಿಲ್ಲ. ಇನ್ನೂ ಹೊರಗೆ, ಕನ್ನಡಿಗರು ಮರೆಯಬಾರದ ಒಂದು ತಾರೀಖಿದೆ. ಬುರ್ಜ್ ಖಲೀಫಾ ಉದ್ಘಾಟನೆಯಾದ ಅದೇ 2010ರ ಮೇ 22ರ ಬೆಳಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಓಡುಹಾದಿ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು, ಎಂಟು ಜನ ಉಳಿದರು. ಕೆಲಸದಿಂದ ರಜೆಗೆ ಊರಿಗೆ ಬರುತ್ತಿದ್ದವರು, ಅವರ ಹೆಂಡತಿ ಮಕ್ಕಳು ಅದರಲ್ಲಿದ್ದರು. ಕನ್ನಡ ನಾಡಿಗೂ ದುಬೈಗೂ ಇರುವ ಸಂಬಂಧ ಕಾಣುವುದು ಆ ವಿಮಾನದ ಸೀಟುಗಳಲ್ಲಿ. ನಮ್ಮ ಲೇಖನಗಳಿಗೆ 2010ರ ಜನವರಿ ಗೊತ್ತು, ಮೇ ಗೊತ್ತಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ನಾಲ್ಕು ದಿನ ರಜೆ ಹಾಕಿ, ಉಳಿಸಿದ ದುಡ್ಡಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಹೋದವನು ಸಂತೋಷವಾಗಿರಬಾರದೇ? ಬೆರಗಾಗಬಾರದೇ? ಖಂಡಿತ ಆಗಬೇಕು. ಬೆರಗು ಪ್ರವಾಸ ಕಥನದ ಬಂಡವಾಳ. ಬೆರಗಿನ ಬದಲು ಮರುಕವನ್ನು ತುಂಬಿದರೆ ಇನ್ನೊಂದು ಸಿದ್ಧ ಅಚ್ಚು ತಯಾರಾಗುತ್ತದೆ: "ಗಾಜಿನ ಗೋಡೆಗಳ ಹಿಂದಿನ ಕಣ್ಣೀರು" ಎಂಬ ಬಗೆಯದು. ಅದರಲ್ಲೂ ಕಾರ್ಮಿಕನಿಗೆ ಮಾತಿಲ್ಲ, ಕಣ್ಣೀರು ಮಾತ್ರ. ಮಲಯಾಳದಲ್ಲಿ ಬೆನ್ಯಾಮಿನ್ 2008ರಲ್ಲಿ 'ಆಡುಜೀವಿತಂ' ಬರೆದದ್ದು ವರ್ಷಗಟ್ಟಲೆ ಬಹರೈನಿನಲ್ಲಿ ಬದುಕಿದ ಮೇಲೆ. ಪ್ರವಾಸಿಯಿಂದ ಅದನ್ನು ನಿರೀಕ್ಷಿಸುವುದು ಸಲ್ಲದು. ಪ್ರವಾಸಿಯಿಂದ ಕೇಳಬಹುದಾದದ್ದು ಇಷ್ಟೇ: ನೀನು ಎಲ್ಲಿಂದ ಬಂದೆ ಎಂಬುದನ್ನು ಮರೆಯಬೇಡ, ಪಕ್ಕದಲ್ಲಿ ಕೂತವನನ್ನು ಒಂದು ಮಾತು ಕೇಳು, ಅಂಕಿ ಕೊಡುವ ಮೊದಲು ಅದನ್ನು ನಿನ್ನ ಊರಿನ ಅಳತೆಗೆ ತಂದು ನೋಡು.

ಶೈಲಿಯ ವಿಷಯಕ್ಕೆ ಇಷ್ಟೊಂದು ಹಠವೇಕೆ ಎಂದು ಕೇಳಬಹುದು. ನಮ್ಮ ಭಾಗದಿಂದ ಕೊಲ್ಲಿಗೆ ಹೋಗುವ ಹಾದಿ ಕರಾವಳಿಯಷ್ಟು ಹಳತಲ್ಲ. ಟಾರ್ಗೆಟ್ ಮುಟ್ಟಿಸಿದ ಗೊಬ್ಬರದಂಗಡಿಯವರು, ಸಿಮೆಂಟಿನ ವ್ಯಾಪಾರಿಗಳು ಕಂಪನಿಯ ಖರ್ಚಿನಲ್ಲಿ ಹೋಗಿ ಬಂದು ಫೋಟೊ ತೋರಿಸುತ್ತಾರೆ. ಐಟಿಐ ಮುಗಿಸಿ ಕೂತ ಹುಡುಗ ಅದನ್ನು ನೋಡುತ್ತಾನೆ. ಭಾನುವಾರದ ಪುರವಣಿಯಲ್ಲಿ ದುಬೈ ಲೇಖನ ಓದುತ್ತಾನೆ. ಆಮೇಲೆ ಒಂದು ದಿನ ವೀಸಾ ಏಜೆಂಟ್ ಬಂದು ಮಾತಾಡುತ್ತಾನೆ. ಮೂರೂ ಕಡೆ ಅವನಿಗೆ ಸಿಗುವುದು ಒಂದೇ ವಿಶೇಷಣಗಳು. ಕಾಗದಕ್ಕೆ ಸಹಿ ಮಾಡುವ ಮೊದಲು ಏನು ಕೇಳಬೇಕು, ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ, ಮಧ್ಯಾಹ್ನದ ಬಿಸಿಲಿನಲ್ಲಿ ಕೆಲಸವಿರುತ್ತದೋ ಇಲ್ಲವೋ ಎಂದು ಕೇಳಲು ಬೇಕಾದ ಭಾಷೆ ಅವನಿಗೆ ಇವರು ಯಾರಿಂದಲೂ ಸಿಕ್ಕಿರುವುದಿಲ್ಲ. ಏಜೆಂಟ್ ಅದನ್ನು ಕೊಡುವುದಿಲ್ಲ, ಕೊಟ್ಟರೆ ಅವನ ಹೊಟ್ಟೆ ತುಂಬುವುದಿಲ್ಲ. ಗೊಬ್ಬರದಂಗಡಿಯವರ ಕೆಲಸ ಅದಲ್ಲ. ಉಳಿದವರು ಬರೆಯುವವರು.

ಹಾಗಾಗಿ 'ದುಬೈಯಲ್ಲಿ ತೆಲಸಂಗ' ಎಂಬ ಪುಸ್ತಕವನ್ನು ಯಾರಾದರೂ ಬರೆಯಲಿ ಎಂದು ಕಾಯುತ್ತಿದ್ದೇನೆ. ಗೊಬ್ಬರದಂಗಡಿಯ ಸಾಹುಕಾರರು ಬರೆದರೂ ಆದೀತು, ಹೋಗಿ ಬಂದ ಆ ಹುಡುಗನೇ ಬರೆದರೆ ಇನ್ನೂ ಒಳ್ಳೆಯದು. ಅದರಲ್ಲಿ ಬುರ್ಜ್ ಖಲೀಫಾ ಇರಲಿ, ಕಾರಂಜಿಯೂ ಇರಲಿ. ಅದರ ಮುಂದೆ ನಿಂತವನ ಊರಿನ ಬಾವಿಯಲ್ಲಿ ಆ ದಿನ ಎಷ್ಟು ನೀರಿತ್ತು ಎಂಬುದೂ ಇರಲಿ.